ಒಲ್ಲೆ ಎಂದ ಸರ್ವರ್

ಈ ಹೊತ್ತು ಬೆಳಿಗ್ಗೆ ರೋಣದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಕೂತು, ಅಲ್ಲಿರುವ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗಿನಿಂದ ಕಾದ ಧೂಳಿನ ವಾಸನೆ ಬಂತು. ನಿಮ್ಮ ಕಡೆಯ ಧೂಳು ಹೇಗೋ ನಾನರಿಯೆ. ನಮ್ಮದು ಎರೆಭೂಮಿಯ ಧೂಳು. ಕಿಟಕಿ ಹಾಕಿದ್ದರೂ ಒಳಗೆ ಬಂದು, ಕರೆಯದ ನೆಂಟರ ಹಾಗೆ ಹಾಸಿಕೊಂಡು ಕೂರುತ್ತದೆ. ಅದನ್ನು ಬ್ರಶ್ಶಿನಿಂದ ತೆಗೆಯುತ್ತ ಕೂತವಳಿಗೆ ನಮ್ಮ ಮಾವನವರು ನೆನಪಾದರು. ಈ ಯಂತ್ರವನ್ನು ಅವರು ಒಮ್ಮೆಯೂ ನೋಡಿದವರಲ್ಲ. ಆದರೂ ಇದು ಇವತ್ತಿಗೂ ನಡೆಯುತ್ತಿದೆಯೆಂದರೆ ಅದು ಅವರ ದೆಸೆಯಿಂದ.

ಇದನ್ನು ನಾವು ಸರ್ವರ್ ಎಂದು ಕರೆಯುತ್ತೇವೆ. ಹೆಸರು ಕೇಳಿ ದೊಡ್ಡದೇನೋ ಎಂದುಕೊಳ್ಳಬೇಡಿ. ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ಡಬ್ಬಿ ಇದು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ನಾವು ಕೆಲವರು ಪಠ್ಯಪುಸ್ತಕಗಳನ್ನು ಓದಿ, ದನಿ ಮುದ್ರಿಸಿ ಇದರಲ್ಲಿ ಇಟ್ಟಿದ್ದೇವೆ. ಅವರು ಇದ್ದಲ್ಲಿಂದಲೇ ಫೋನಿನಲ್ಲಿ ತೆರೆದು ಕೇಳುತ್ತಾರೆ. ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳಾದ್ದರಿಂದ ರಾಜರು, ಯುದ್ಧಗಳು, ಒಪ್ಪಂದಗಳು ನನ್ನ ಪಾಲಿಗೆ ಬಂದವು. ಯಂತ್ರದ ಉಸಾಬರಿ ಪಾಟೀಲ ಸರ್ ಎಂಬ ಉಪನ್ಯಾಸಕರದು. ಲಿನಕ್ಸ್ ಹಾಕಿ, ಎಲ್ಲ ಹೊಂದಿಸಿ ನಡೆಸುತ್ತಿದ್ದವರು ಅವರೇ. ಅವರಿಗೆ ದೂರದ ಜಿಲ್ಲೆಗೆ ವರ್ಗವಾದಾಗ ಪಾಸ್‌ವರ್ಡನ್ನು ನನಗೆ ಒಪ್ಪಿಸಿ, "ಹೆದರಬ್ಯಾಡ್ರಿ ಮೇಡಂ, ಅದು ತಾನ ನಡೀತೈತಿ" ಎಂದು ಹೊರಟುಹೋದರು. ಅಷ್ಟು ಜನರಲ್ಲಿ ನಾನೇ ಏಕೆಂದರೆ, ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕಿದ್ದ ಹಾಳೆಯನ್ನು ಎಳೆದು ತೆಗೆದ ಕೀರ್ತಿ ನನಗಿತ್ತು.

ಕೀರ್ತಿಗೆ ತಕ್ಕಂತೆ ಇರಬೇಕಲ್ಲ, ನಾನು ಕಲಿಯಲು ಕೂತೆ. ಗಜೇಂದ್ರಗಡದ ಮನೆಯಿಂದಲೇ ರೋಣದ ಯಂತ್ರದ ಒಳಗೆ ಹೋಗುವುದನ್ನು ಪಾಟೀಲ ಸರ್ ತೋರಿಸಿಕೊಟ್ಟಿದ್ದರು. ಹೋದರೆ ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕರಿಯ ಪರದೆಯ ಮೇಲೆ ಒಂದು ಗೆರೆ ಮಿಣುಕುತ್ತಿರುತ್ತದೆ, ಏನು ಬೇಕೋ ನಾವೇ ಬರೆದು ಹೇಳಬೇಕು. ಮೊದಮೊದಲು ಹೆದರಿ, ಇಲ್ಲಿ ಏನೇನಿದೆ ತೋರಿಸು ಎನ್ನುವುದಷ್ಟನ್ನೇ ಕೇಳಿ ಹೊರಗೆ ಬರುತ್ತಿದ್ದೆ. ಆಮೇಲೆ ಫೋಲ್ಡರ್ ಮಾಡುವುದನ್ನು ಕಲಿತೆ. ಅಳಿಸುವುದನ್ನು ಕಲಿತೆ. ಕಷ್ಟ ಶುರುವಾದದ್ದು ಅಲ್ಲಿಂದ.

ಮಹಾನವಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಮಹಾನವಮಿ ಎಂದರೆ ಮೊದಲು ಮನೆ ತೊಳೆಯುವ ಹಬ್ಬ. ಹಾಸಿಗೆ ಕೌದಿಗಳೆಲ್ಲ ಹೊರಗೆ ಬೀಳುತ್ತವೆ, ಅಟ್ಟದ ಮೇಲಿನ ಡಬ್ಬಿಗಳು ಕೆಳಗಿಳಿಯುತ್ತವೆ, ಬೇಡವಾದದ್ದನ್ನೆಲ್ಲ ಎಸೆಯುವ ಹುಮ್ಮಸ್ಸು ಹೆಂಗಸರಿಗೆ ಏರಿರುತ್ತದೆ. ಅದೇ ಹುಮ್ಮಸ್ಸಿನಲ್ಲಿ ಒಂದು ಸಂಜೆ ಸರ್ವರಿನ ಒಳಗೂ ಹೋದೆ. ಅಲ್ಲೊಂದು ಫೋಲ್ಡರ್ ಕಂಡಿತು. ತೆರೆದು ನೋಡಿದರೆ ಯಾರು ಬಂದರು, ಯಾರು ಹೋದರು, ಎಲ್ಲಿ ಏನು ತಪ್ಪಿತು ಎಂದು ಸಾಲುಸಾಲಾಗಿ ಬರೆದಿತ್ತು. ಇಷ್ಟೊಂದು ಚಾಡಿ ಏಕೆಂದು ಫೋಲ್ಡರನ್ನು ಬುಡಸಮೇತ ಅಳಿಸಿದೆ. ಏನೂ ಆಗಲಿಲ್ಲ. ಪಾಠಗಳು ಮೊದಲಿನ ಹಾಗೇ ಕೇಳುತ್ತಿದ್ದವು. ಮನೆಯ ಜೊತೆಗೆ ಸರ್ವರೂ ಚೊಕ್ಕಟವಾಯಿತೆಂದು ಆ ವರ್ಷದ ಹಬ್ಬವನ್ನು ಇನ್ನಷ್ಟು ಸಮಾಧಾನದಿಂದ ಮಾಡಿದೆ.

ಈಗ ಕಸ್ತೂರಿಯ ವಿಷಯ ಹೇಳಬೇಕು. ಅವಳು ಬೆಳವಣಕಿಯ ಹುಡುಗಿ, ಹುಟ್ಟಿನಿಂದ ಕಣ್ಣು ಕಾಣದು. ಮನೆಯಲ್ಲೇ ಇದ್ದು ಬಿ.ಎ. ಪರೀಕ್ಷೆಗೆ ಕಟ್ಟಿದ್ದಳು. ಒಮ್ಮೆ ಇತಿಹಾಸದಲ್ಲಿ ನಪಾಸಾಗಿ, ಈ ಸಲವೂ ಹೋದರೆ ಓದು ಸಾಕು ಎಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಪರೀಕ್ಷೆ ಇನ್ನು ಎರಡೇ ದಿನ ಇರುವಾಗ ಬೆಳಿಗ್ಗೆ ಅವಳ ಫೋನು ಬಂತು.

"ಅಕ್ಕೋರ, ಪಾಠ ಹತ್ತವಲ್ದು," ಎಂದಳು. ಅಷ್ಟೇ. ಅಳಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. ನಾನೂ ಮನೆಯ ಕಂಪ್ಯೂಟರಿನಲ್ಲಿ ಪಾಠ ತೆರೆಯಲು ನೋಡಿದೆ, ತೆರೆಯಲಿಲ್ಲ, ಪರದೆಯ ಮೇಲೆ ಎರಡು ಇಂಗ್ಲಿಷ್ ಪದಗಳಷ್ಟೇ ಬಂದವು.

ಹಿಂದಿನ ದಿನ ರೋಣದಲ್ಲಿ ಬ್ಯಾಟರಿಯೂ ಮುಗಿಯುವಷ್ಟು ಹೊತ್ತು ಕರೆಂಟು ಹೋಗಿ ಬಂದಿತ್ತಂತೆ. ವಾಚನಾಲಯದವರಿಗೆ ಹೇಳಿ ಯಂತ್ರವನ್ನು ಆರಿಸಿ ಹಚ್ಚಿಸಿದೆ. ಉಪಯೋಗವಾಗಲಿಲ್ಲ. ಪಾಟೀಲ ಸರ್ ಫೋನಿಗೆ ಸಿಗಲಿಲ್ಲ. ಕೊನೆಗೆ ನಮ್ಮೂರಿನ ಒಂದು ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿ, ಸರ್ವರ್ ಸತ್ತುಹೋಗಿದೆ, ಏನು ಮಾಡಲಿ ಎಂದು ಕೇಳಿದೆ. ಲಿನಕ್ಸ್ ತನಗೆ ಬರುವುದಿಲ್ಲ, ಬೇಕಾದರೆ ಮಧ್ಯಾಹ್ನ ರೋಣಕ್ಕೆ ಹೋಗುವವನಿದ್ದೇನೆ, ಪೂರ್ತಿ ಅಳಿಸಿ ಬೇರೆ ಹಾಕಿ ಕೊಡುತ್ತೇನೆ ಎಂದ. ಒಳಗಿದ್ದದ್ದು? ಅದು ಹೋಗುತ್ತದೆ ಎಂದ. ಪಾಠಗಳಿಗೆ ಬೇರೆ ಪ್ರತಿ ಇಡಬೇಕೆನ್ನುವ ಬುದ್ಧಿ ನನಗಿನ್ನೂ ಬಂದಿರಲಿಲ್ಲ. ಕೆಟ್ಟುಹೋದ ಯಂತ್ರದೊಳಗೆ ಇನ್ನೇನು ಉಳಿದೀತು, ಹೊಸದಾಗಿ ಓದಿ ತುಂಬಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ಒಪ್ಪಿಬಿಟ್ಟೆ. ಎರಡು ದಿನದಲ್ಲಿ ಒಂದು ವರ್ಷದ ಇತಿಹಾಸ ಓದಿ ತುಂಬುವುದು ಹೇಗೆಂದು ಯೋಚಿಸುವ ಧೈರ್ಯವೇ ಇರಲಿಲ್ಲ.

ಮಾವನವರು ಪಡಸಾಲೆಯ ಗೋಡೆಗೆ ಒರಗಿ ಕೂತು ಇದನ್ನೆಲ್ಲ ಕೇಳುತ್ತಿದ್ದರು. ಅವರು ಗಜೇಂದ್ರಗಡದ ಪೇಟೆಯಲ್ಲಿ ಕಾಳಿನ ದಲಾಲಿ ಮಾಡಿದವರು. ಹೊಟ್ಟೆಪಾಡಿಗೆ ಅದು, ಹವ್ಯಾಸಕ್ಕೆ ಸಂಬಂಧ ಕೂಡಿಸುವುದು. ಸೂಡಿಯ ಹುಡುಗನಿಗೆ ಲಕ್ಕಲಕಟ್ಟಿಯ ಹೆಣ್ಣು, ನರಗುಂದದ ಹೆಣ್ಣಿಗೆ ರೋಣದ ಹುಡುಗ, ಹೀಗೆ ಅವರು ಗಂಟು ಹಾಕಿದ ಮನೆಗಳು ಗಜೇಂದ್ರಗಡ, ರೋಣ, ನರಗುಂದ ಮೂರೂ ತಾಲೂಕುಗಳಲ್ಲಿ ಸಿಗುತ್ತವೆ. ವಯಸ್ಸಾಗಿ ಕಣ್ಣು ಮಂಜಾದ ಮೇಲೆ ದಿನಾ ಅವರಿಗೆ ಪೇಪರು ಓದಿ ಹೇಳುವುದು ನನ್ನ ಕೆಲಸ. ಅದೇನು ಸುಲಭದ್ದಲ್ಲ. ಪ್ರತಿ ಸಾಲಿಗೂ ತಡೆದು, ಹಾಗೆಂದವರು ಯಾರು, ಯಾರಿಗೆ ಅಂದರು ಎಂದು ಕೇಳುತ್ತಿದ್ದರು. ಸೀರೆಯ ರಿಯಾಯಿತಿಯ ಜಾಹೀರಾತನ್ನೂ ಬಿಡುತ್ತಿರಲಿಲ್ಲ. ಎಷ್ಟೋ ಸಲ ಸಿಟ್ಟು ಬಂದು ನಡುವಿನ ಸಾಲುಗಳನ್ನು ಹಾರಿಸಿದ್ದೇನೆ, ಪ್ರತಿಸಲ ಸಿಕ್ಕಿಬಿದ್ದಿದ್ದೇನೆ.

ಅವತ್ತೂ ಬಿಡಲಿಲ್ಲ. ಅದು ಏನು ಹೇಳುತ್ತಿದೆ ಓದು ಎಂದರು. ಏನಿಲ್ಲ ಮಾವಾರ, ಬರೀ ಇಂಗ್ಲಿಷು ಎಂದೆ. ಇಂಗ್ಲಿಷಾದರೆ ಕನ್ನಡ ಮಾಡಿ ಹೇಳು, ಸಾಲಿ ಕಲಿತವಳಲ್ಲವೇ ಎಂದರು. ಹಲ್ಲು ಕಚ್ಚಿ ಪರದೆಯ ಮೇಲಿದ್ದ 'ಕನೆಕ್ಷನ್ ರೆಫ್ಯೂಸ್ಡ್' ಎಂಬ ಎರಡು ಪದಗಳನ್ನು ಕನ್ನಡ ಮಾಡಿದೆ.

"ಒಲ್ಲೆ ಅಂತೈತ್ರಿ."

"ಯಾರು ಅಂದದ್ದು?"

"ಯಾರಂದ್ರ... ಆ ಕಡೀದು. ರೋಣದ್ದು."

ಮಾವನವರು ನೆಟ್ಟಗೆ ಕೂತರು. "ಹಂಗಾದ್ರ ಸತ್ತೈತಿ ಅಂತ ಯಾಕ ಅಂತೀಯವ್ವ? ಮಂದಿ ಇಲ್ಲದ ಮನ್ಯಾಗ ಒಲ್ಲೆ ಅನ್ನಾವ್ರು ಯಾರು? ಕದಾ ಬಡದ್ರೂ ಯಾರೂ ಮಾತಾಡ್ಲಿಲ್ಲಂದ್ರ ನಾ ತಿರುಗಿ ಬರ್ತಿದ್ದೆ. ಒಲ್ಲೆ ಅಂದ್ರ ಅಲ್ಲೇ ಕುಂಡ್ರತಿದ್ದೆ. ಒಳಗ ಹೋಗಿ ಯಾಕ ಒಲ್ಲೆ ಅಂತ ಕೇಳು."

ನೀವು ನಗಬಹುದು. ನಾನು ನಗಲಿಲ್ಲ. ಬೆಳಗಿನಿಂದ ಆ ಎರಡು ಪದಗಳನ್ನು ಅದೆಷ್ಟೋ ಸಲ ನೋಡಿದ್ದೆ, ಓದಿರಲಿಲ್ಲ. ಒಲ್ಲೆ ಎನ್ನಲು ಯಂತ್ರ ಬದುಕಿರಲೇಬೇಕು. ಪಾಠ ಕೊಡುವ ಬಾಗಿಲಲ್ಲಿ ಯಾರೂ ಇಲ್ಲ, ಅಷ್ಟೇ. ನಾನು ಒಳಗೆ ಹೋಗುವ ಬಾಗಿಲು ಬೇರೆ. ಅದನ್ನು ತಟ್ಟಿಯೇ ನೋಡಿರಲಿಲ್ಲ. ತಟ್ಟಿದೆ. ತೆರೆಯಿತು. ಪಾಠದ ಫೋಲ್ಡರನ್ನು ತೋರಿಸು ಎಂದೆ. ಎಲ್ಲವೂ ಇದ್ದಲ್ಲೇ ಇದ್ದವು. ಮೊದಲು ಅಂಗಡಿಯವನಿಗೆ ಫೋನು ಮಾಡಿ, ಹೋಗಬೇಡ, ಹೋದರೂ ಅದನ್ನು ಮುಟ್ಟಬೇಡ ಎಂದು ಹೇಳಿದೆ.

ಆಮೇಲೆ ಪಾಠ ಕೊಡುವ ಪ್ರೋಗ್ರಾಮನ್ನು ಏಕೆ ಎದ್ದಿಲ್ಲ ಎಂದು ಕೇಳಿದೆ. ಉದ್ದನೆಯ ಉತ್ತರ ಬಂತು. ಹಳೆಯ ಚಾಳಿಯಂತೆ ಕಣ್ಣಾಡಿಸಿ, ಏನೇನೋ ಹೇಳುತ್ತಿದೆ ಎಂದೆ. "ಏನೇನೋ ಅಂದ್ರ ಏನು? ಪೂರಾ ಓದು," ಎಂದರು ಮಾವನವರು. ಒಂದೊಂದೇ ಸಾಲು ಕನ್ನಡ ಮಾಡುತ್ತ ಬಂದೆ. ಏಳಲು ಹೋದೆ, ಆಗಲಿಲ್ಲ. ಆದದ್ದನ್ನೆಲ್ಲ ಬರೆದಿಡುವ ಜಾಗಕ್ಕೆ ಹೋದೆ, ಅಂಥ ಜಾಗವೇ ಇಲ್ಲ. ಮಹಾನವಮಿಗೆ ಗುಡಿಸಿ ಹಾಕಿದ ಚಾಡಿಯ ಫೋಲ್ಡರ್ ಅದೇ. ಓಡುತ್ತಿರುವಷ್ಟು ದಿನ ಪ್ರೋಗ್ರಾಂ ಹೇಗೋ ನಡೆಸಿಕೊಂಡು ಹೋಗಿತ್ತು. ಕರೆಂಟು ಹೋಗಿ ಮತ್ತೆ ಮೊದಲಿನಿಂದ ಎದ್ದಾಗ, ಬರೆಯಲು ಜಾಗವಿಲ್ಲದೆ ಕೆಲಸವನ್ನೇ ಒಲ್ಲೆ ಎಂದಿತ್ತು. ಅದೇ ಹೆಸರಿನ ಖಾಲಿ ಫೋಲ್ಡರೊಂದನ್ನು ಮಾಡಿ, ಏಳು ಎಂದೆ. ಎದ್ದಿತು.

ಕಸ್ತೂರಿಗೆ ಫೋನು ಮಾಡಿದೆ. ಆ ಕಡೆಯಿಂದ ಉತ್ತರಕ್ಕೆ ಮೊದಲು ನನ್ನದೇ ದನಿ ಕೇಳಿತು, ಯಾವುದೋ ಒಪ್ಪಂದದ ಷರತ್ತುಗಳನ್ನು ಗಂಟಲು ಕಟ್ಟಿಕೊಂಡು ಓದುತ್ತಿದ್ದೆ. "ಹತ್ತೇತ್ರಿ ಅಕ್ಕೋರ," ಎಂದಳು. ಈಗ ಅವಳ ದನಿ ಒಡೆದಿತ್ತು. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಾವನವರಿಗೆ ಚಹ ಇಟ್ಟೆ.

ಮಾವನವರು ಇದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಸಂಜೆಯ ಹೊತ್ತಿಗೆ ಪೇಟೆಗೆಲ್ಲ ಸುದ್ದಿಯಾಗಿತ್ತು. ಅವರು ಹೇಳುವಂತೆ ಕಂಪ್ಯೂಟರು ಒಲ್ಲೆನೆಂದು ಹಟ ಹಿಡಿದಿತ್ತು, ದೊಡ್ಡ ದೊಡ್ಡ ಎಂಜಿನಿಯರುಗಳು ಕೈ ಚೆಲ್ಲಿದ್ದರು, ತಾವು ಕೂತಲ್ಲಿಂದಲೇ ಒಪ್ಪಿಸಿದ್ದರು. ನನ್ನ ಹೆಸರು ಆ ಕಥೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅಂದಿನಿಂದ ಪೇಪರಿನ ಒಂದು ಸಾಲನ್ನೂ ಹಾರಿಸಲಿಲ್ಲ, ಸೀರೆಯ ಜಾಹೀರಾತನ್ನೂ ಕೂಡ. ಹೋದ ವರ್ಷ ಅವರು ತೀರಿಕೊಂಡ ಮೇಲೆ ಬೆಳಗಿನ ಆ ಹೊತ್ತಿಗೆ ಏನು ಮಾಡಬೇಕೆಂದು ಬಹಳ ದಿನ ತಿಳಿಯಲಿಲ್ಲ. ಓದುವುದೆಂದರೇನೆಂದು ಮಕ್ಕಳಿಗೆ ಹೇಳಿಕೊಡುವ ನನಗೆ ಓದಲು ಕಲಿಸಿದವರು ಅವರು. ಇದನ್ನು ಅವರಿದ್ದಾಗ ಹೇಳಿದ್ದರೆ ಅದನ್ನೂ ಪೇಟೆಯಲ್ಲಿ ಹೇಳಿಕೊಂಡು ಬರುತ್ತಿದ್ದರು. ಬರಲಿ, ಹೇಳಬೇಕಿತ್ತು.

ಕಸ್ತೂರಿ ಪಾಸಾದಳು. ಓದು ಮುಂದುವರಿಯಿತು. ಅವತ್ತು ಹೇಗೆ ಸರಿಯಾಯಿತೆಂದು ಅವಳು ಕೇಳಿದಾಗ, ಕರಿಯ ಪರದೆಯ ಕಷ್ಟವನ್ನೆಲ್ಲ ತೋಡಿಕೊಂಡೆ. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ಅಲ್ಲಿ ಹುಡುಕಾಡುವ ಚಿತ್ರ, ಗುಂಡಿ ಏನೂ ಇಲ್ಲವೇ, ಬರೀ ಮಾತೇ ಎಂದಳು. ಹೌದೆಂದೆ. "ಹಂಗಾದ್ರ ಅದು ನಮ್ಮಂಥಾವ್ರಿಗೇ ಮಾಡಿದ್ದೈತಿ ಬಿಡ್ರಿ," ಎಂದು ನಕ್ಕಳು. ಮುಂದಿನ ವಾರವೇ ಬಸ್ಸು ಹತ್ತಿ ರೋಣಕ್ಕೆ ಬಂದು ಕಲಿಯಲು ಕೂತಳು. ನನಗೆ ಗೊತ್ತಿದ್ದದ್ದು ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ಆಮೇಲೆ ಅವಳೇ ಹುಡುಕಿ ಕಲಿತಳು. ಈಗ ವಾಚನಾಲಯದವರು ಸಂಬಳ ಗೊತ್ತುಮಾಡಿ ಸರ್ವರನ್ನು ಅವಳಿಗೇ ವಹಿಸಿದ್ದಾರೆ. ಇವತ್ತು ನಾನು ಬಂದದ್ದು ಒಪ್ಪಿಸಿ ಹೋಗಲಿಕ್ಕೆ. ಕೊಡುವ ಮೊದಲು ಧೂಳನ್ನಾದರೂ ತೆಗೆಯೋಣ ಎಂದು ತಗಡು ಬಿಚ್ಚಿದ್ದೆ.

ಕಸ್ತೂರಿ ಹನ್ನೊಂದರ ಬಸ್ಸಿಗೆ ಬಂದಳು. ತಗಡು ಹಾಕಿ ಯಂತ್ರ ಹಚ್ಚಿದೆವು. ಪರದೆಯ ಮೇಲೆ ಬಂದದ್ದನ್ನೆಲ್ಲ ಅವಳ ಕಿವಿಗೆ ಓದಿ ಹೇಳುವ ದನಿ ನನಗೆ ತಿಳಿಯದಷ್ಟು ವೇಗವಾಗಿ ಓಡುತ್ತಿತ್ತು. ಅವಳ ಬೆರಳುಗಳು ಅದಕ್ಕಿಂತ ವೇಗವಾಗಿದ್ದವು. ಏನು ಮಾಡಿದೆ ಎಂದು ಕೇಳಿದೆ. ಪಾಸ್‌ವರ್ಡ್ ಬದಲಾಯಿಸಿದೆ ಎಂದಳು. ಹೊಸದು ಯಾವುದೆಂದೆ.

"ನಿಮಗ ಹೇಳಂಗಿಲ್ರಿ ಅಕ್ಕೋರ," ಎಂದಳು. "ನೋಡಾವ್ರು ಒಬ್ರ ಇರಬೇಕು."

ಇಷ್ಟು ವರ್ಷ ನಾನೇ ಕಾಯ್ದುಕೊಂಡು ಬಂದ ಮನೆಯಿಂದ ನನ್ನನ್ನೇ ಹೊರಗೆ ನಿಲ್ಲಿಸಿದಳಲ್ಲ ಎನಿಸಿತು. ಆದರೆ ಅವಳು ಮುಖ ನನ್ನ ಕಡೆ ತಿರುಗಿಸಿ, ಕೆಲಸ ಬಲ್ಲವರು ಅರಿಯದವರಿಗೆ ಹೇಳುವ ದನಿಯಲ್ಲಿ, "ಏನರ ಹತ್ತಲಿಲ್ಲಂದ್ರ ನನಗ ಫೋನ್ ಮಾಡ್ರಿ. ನಾ ನೋಡಿ ಹೇಳ್ತೀನಿ," ಎಂದಳು.

ಆಗಲವ್ವ, ಮಾಡ್ತೀನಿ ಎಂದೆ.