ತಳ್ಳಿದ್ದಲ್ಲ, ಹಿಡಿದದ್ದು

ನಮ್ಮ ಸ್ಪೀಡ್ ಸ್ಕೇಟಿಂಗ್ ಕ್ಲಬ್ಬಿನ ಬಗ್ಗೆ ಇಚಲಕರಂಜಿಯಲ್ಲಿ ಯಾರನ್ನು ಕೇಳಿದರೂ ಫೋನು ತೆಗೆದು ಅದೇ ವಿಡಿಯೊ ತೋರಿಸುತ್ತಾರೆ. ಗಡಹಿಂಗ್ಲಜದ ಸ್ಪರ್ಧೆ, ಕೊನೆಯ ಸುತ್ತು. ಮೂವರು ಹೆಂಗಸರು ಒಬ್ಬರ ಹಿಂದೊಬ್ಬರು ಬಾಗಿ ಬರುತ್ತಾರೆ. ನಡುವಿನವರು ಐವತ್ತು ದಾಟಿದವರು, ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುವವರು. ಅವರ ಹಿಂದೆ ನಾನು, ಕೈ ಚಾಚಿಕೊಂಡು. "ನೋಡ್ರಿ, ವಯಸ್ಸಾದಾಕೀನ್ನ ಹೆಂಗ ತಳ್ಳಿಕೋತ ಬಂದಾಳ ಹುಡುಗಿ!" ಎನ್ನುತ್ತಾರೆ. ಕೆಳಗೆ ಯಾರೋ "ಶಾಬ್ಬಾಸ್ ಪೋರಿ" ಎಂದು ಬರೆದಿದ್ದಾರೆ.

ಈ ಕಥೆಗೆ ಆಧಾರವೇನು? ಚಾಚಿದ ಒಂದು ಕೈ. ಚಾಚಿದ ಕೈ ತಳ್ಳುತ್ತಿರಬಹುದು, ಹಿಡಿದುಕೊಂಡಿರಲೂಬಹುದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಷ್ಟು ತೆಳುವಾದ ಸಾಕ್ಷಿ ತಂದಿದ್ದರೆ ನಾನು ನಕ್ಕು ಕೂರಿಸುತ್ತಿದ್ದೆ. ಇಲ್ಲಿ ನಗು ಬರಲಿಲ್ಲ. ಆ ಹೊಗಳಿಕೆಯಿಂದಲೇ ಕಾಕು ಸ್ಕೇಟಿಂಗ್ ಬಿಡಬೇಕಾದ ಪ್ರಸಂಗ ಬಂದಿತ್ತು.

ನಾನು ಕ್ಲಬ್ ಸೇರಿದ್ದು ಯಾವ ದೊಡ್ಡ ಆಸೆಯಿಂದಲೂ ಅಲ್ಲ. ಕೊಲ್ಹಾಪುರದ ಕಾಲೇಜು ಮುಗಿದು, ವಾದಕ್ಕೆ ವೇದಿಕೆಯಿಲ್ಲದೆ ಮನೆಯವರನ್ನೇ ಹಿಡಿದುಕೊಂಡಿದ್ದೆ. "ಸಂಜೀಕ ಎಲ್ಲಿಗರ ಹೋಗ ಯವ್ವಾ, ನಮಗೂ ಒಂದೀಟು ಉಸರಾಡಾಕ ಬಿಡು," ಎಂದು ಅವ್ವ ಹೊರಗೆ ಅಟ್ಟಿದಳು. ಮೊದಲ ದಿನವೇ ಕಲಿಸುವ ಸರ್ ಮುಂದೆ ಪ್ರಶ್ನೆಗಳ ಸಾಲು ಹಚ್ಚಿದೆ. ಬಾಗಿಯೇ ಯಾಕೆ ಓಡಬೇಕು? ಎಡಕ್ಕೇ ಯಾಕೆ ತಿರುಗಬೇಕು? ಒಬ್ಬರಿಗೊಬ್ಬರು ಅಷ್ಟೊಂದು ಅಂಟಿಕೊಂಡು ಯಾಕೆ?

"ಮುಂದಿನಾಕಿ ಗಾಳಿ ಸೀಳತಾಳ, ಹಿಂದಿನಾಕಿ ಪುಕ್ಕಟ ಬರತಾಳ. ತಿಳೀತಿಲ್ಲೊ?" ಎಂದರು ಸರ್. "ಈಗ ಬಾಯಿ ಮುಚ್ಚ. ಗಾಳಿ ಒಳಗ ಹೊಕ್ಕರ ಇನ್ನಾ ಸಾವಕಾಶ ಆಕ್ಕಿ."

ಬೇರೆ ಕಡೆ ಹೊಸಬರು ಮುಂದಿನವರ ಬೆನ್ನಿಗೆ ಅಂಗೈ ಹಚ್ಚಿ ಸಾಲಿನಲ್ಲಿ ಓಡುವುದನ್ನು ಕಲಿಯುತ್ತಾರೆ. ನಮ್ಮದು ಮಗ್ಗದ ಊರು. ನೇಯ್ದ ಬಟ್ಟೆಯ ಅಂಚಿನಿಂದ ಕತ್ತರಿಸಿ ಬಿಸಾಕುವ ಪಟ್ಟಿಯನ್ನು, ಅದಕ್ಕೆ ಕಿನಾರ ಎನ್ನುತ್ತಾರೆ, ಹಳಬರು ಸೊಂಟಕ್ಕೆ ಬಿಗಿದುಕೊಳ್ಳುತ್ತಾರೆ. ಹೊಸಬರು ಅದನ್ನು ಹಿಡಿದು ಹಿಂದೆ ಓಡುತ್ತಾರೆ. ಕೊಲ್ಹಾಪುರದ ಕ್ಲಬ್ಬಿನವರು ಇದನ್ನು ನೋಡಿ "ಆಲೇ ಪೈಲ್ವಾನ್!", ಪೈಲ್ವಾನರು ಬಂದರು, ಎಂದು ಮರಾಠಿಯಲ್ಲಿ ಕೂಗಿ ಲಂಗೋಟಿಯ ಸನ್ನೆ ಮಾಡಿ ನಗುತ್ತಾರೆ. ನನಗೆ ಸಿಕ್ಕಿದ್ದು ಕಾಕುವಿನ ಪಟ್ಟಿ.

ಕಾಕು ಮೊದಲು ಬಂದದ್ದು ಮೊಮ್ಮಗಳನ್ನು ಬಿಡಲು. ಮೊಮ್ಮಗಳಿಗೆ ಬೇಸರವಾಗಿ ಬಿಟ್ಟಳು, ಅಜ್ಜಿ ಉಳಿದರು. ಅವರ ಮಗನಿಗೆ ಯಡ್ರಾವದಲ್ಲಿ ಮಗ್ಗಗಳಿವೆ. ಅವನು ಹಾಕಿದ್ದ ಶರತ್ತನ್ನು ಕಾಕು ಲೇಸು ಬಿಗಿಯುತ್ತ ಅವನದೇ ದನಿಯಲ್ಲಿ ನಮಗೆ ಹೇಳಿ ನಗಿಸುತ್ತಿದ್ದರು: "ಅವ್ವಾ, ನಿನ್ನ ಕಾಲಮ್ಯಾಲ ನಿನಗ ಓಡಾಕ ಬರೂತನಾ ಹೋಗು. ಬ್ಯಾರೇದವರು ನಿನ್ನ ಹಿಡದ ನೂಕೂ ದಿನಾ ಬಂತಂದ್ರ, ಬಸ್, ಬಿಟ್ಟ ಬಿಡು."

ಗಡಹಿಂಗ್ಲಜದಲ್ಲಿ ಮೂವರ ತಂಡದ ಓಟವಿತ್ತು. ಮೂರನೆಯವಳು ಗೆರೆ ದಾಟಿದಾಗಲೇ ತಂಡದ ಸಮಯ ಹಿಡಿಯುವುದು ಎಂದೂ, ತಮ್ಮ ತಂಡದವರನ್ನು ತಳ್ಳಬಹುದು, ಎಳೆಯಬಹುದು ಎಂದೂ ನಡೆಸುವವರು ಮೊದಲೇ ಹೇಳಿದ್ದರು. ಮುಂದೆ ಹುಪರಿಯ ಹುಡುಗಿ. ಮನೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಪೋಣಿಸುವವಳು, ಸಾಲಿನಲ್ಲಿ ಮಾತ್ರ ಯಾರಿಗೂ ಕಾಯುವವಳಲ್ಲ. ಆಮೇಲೆ ಕಾಕು, ಕೊನೆಗೆ ನಾನು. ಕೊನೆಯ ಸುತ್ತಿನ ತಿರುವಿನಲ್ಲಿ ನನ್ನ ತೊಡೆಗಳು ಸೋತವು. ಕಾಕುವಿಗೂ ನನಗೂ ನಡುವೆ ಅಂತರ ಬಿತ್ತು. ಅಲ್ಲಿಯವರೆಗೆ ಅವರು ತಡೆದಿದ್ದ ಗಾಳಿ ನೇರ ನನ್ನ ಎದೆಗೆ ಬಂತು.

"ಕಾಕು, ಬಿಟ್ಟ ಹೋಗ್ರಿ!" ಎಂದು ಕೂಗಿದೆ.

"ಬಿಟ್ಟ ಹೋದರೂ ನಿನ್ನ ಟೈಮ್ ಹಿಡೀತಾರಲ್ಲ ಹುಚ್ಚಿ! ಪಟ್ಟಿ ಹಿಡಿ!" ಎಂದು ಅವರು ವೇಗ ತಗ್ಗಿಸಿ ನನ್ನ ಕೈಗೆ ಎಟುಕಿದರು.

ಸ್ಪರ್ಧೆಯ ದಿನವೂ ಅವರು ಪಟ್ಟಿ ಬಿಗಿದುಕೊಂಡಿದ್ದರು. ಜೆರ್ಸಿ ಬಿಳಿ, ಪಟ್ಟಿ ಬಿಳಿ. ದೂರದಿಂದ ಯಾರಿಗೂ ಕಾಣುವಂತಿರಲಿಲ್ಲ. ಹಿಡಿದೆ. ಆಮೇಲೆ ನಾನು ಓಡಿದೆ ಎನ್ನುವುದು ಸುಳ್ಳಾಗುತ್ತದೆ. ಬೀಳದೆ ನಿಂತಿದ್ದೆ, ಅಷ್ಟೆ. ನಾವು ಗೆಲ್ಲಲಿಲ್ಲ, ಕೊನೆಯವರೂ ಆಗಲಿಲ್ಲ. ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದುಕೊಂಡಾಗ ಅಷ್ಟೇ ಸಾಕೆನಿಸಿತು.

ವಿಡಿಯೊ ಊರು ಸುತ್ತಿತು. ಮೊದಮೊದಲು ನಾನು ಸಿಕ್ಕಸಿಕ್ಕವರಿಗೆಲ್ಲ "ತಳ್ಳಿಲ್ರಿ, ಹಿಡಕೊಂಡಿದ್ದೆ" ಎಂದು ತಿದ್ದಿದೆ. "ಎಷ್ಟ ಸಾದಾ ಹುಡುಗಿ ನೋಡ," ಎಂದು ಅವರು ಇನ್ನಷ್ಟು ಹೊಗಳಿದರು. ಬಾಯಿಬಡುಕಿ ಎಂದು ಹೆಸರಾದ ನನ್ನ ಮಾತನ್ನು ಮೊದಲ ಬಾರಿಗೆ ವಿನಯ ಎಂದು ತಿಳಿದುಕೊಂಡಿದ್ದರು.

ಅದೇ ವಾರ ಕಾಕು ಬರುವುದು ನಿಂತಿತು. "ಮಗಾ ವಿಡಿಯೊ ನೋಡ್ಯಾನಂತ. ಬ್ಯಾಡ ಅಂದಾನಂತ," ಎಂದರು ಸರ್. ಊರಿನವರು ನನಗೆ ಕೊಟ್ಟ ಪ್ರತಿ ಶಾಬ್ಬಾಸ್ ಕಾಕುವಿನ ವಿರುದ್ಧದ ಸಾಕ್ಷಿ ಎಂಬುದು ಆಗ ಹೊಳೆಯಿತು. ಮರುದಿನ ಬೆಳಿಗ್ಗೆಯೇ ಯಡ್ರಾವಕ್ಕೆ ಹೋದೆ.

ಮಗ್ಗಗಳ ಸದ್ದಿನಲ್ಲಿ ವಾದಿಸಲಾಗುವುದಿಲ್ಲ. ಮಗನನ್ನು ಹೊರಗಿನ ಚಹಾದಂಗಡಿಗೆ ಕರೆದುಕೊಂಡು ಬಂದೆ. ಕೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಬಂದ.

"ನೀ ಒಳ್ಳೇದ ಮಾಡೀದಿ, ಇಲ್ಲ ಅನ್ನೂದಿಲ್ಲ," ಎಂದ. "ಆದರ ನಮ್ಮವ್ವಗ ಆಗವಲ್ದು ಅನ್ನೂದು ವಿಡಿಯೊದಾಗ ಕಾಣಾಕತ್ತೇತಿ. ಬಿದ್ದ ಸೊಂಟಾ ಮುರಕೊಂಡ್ರ ಯಾರ ನೋಡಬೇಕ?"

"ದಾದಾ, ಈ ಗ್ವಾಡಿ ಒಮ್ಮಿ ತಳ್ಳಿ ತೋರಿಸ್ರಿ."

"ಏನ ಹುಚ್ಚ ಹಿಡದತೇನ ನಿನಗ?"

"ತಳ್ಳರೀ."

ಚಹಾದವನು ನೋಡುತ್ತಿದ್ದ. ಮಗ ಮುಜುಗರದಿಂದಲೇ ಎರಡೂ ಅಂಗೈ ಬಿಡಿಸಿ, ಮೈ ಮುಂದಕ್ಕೆ ಬಾಗಿಸಿ ಗೋಡೆ ಒತ್ತಿದ. ನಾನು ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿ ಅವನ ಮೂಗಿನ ಮುಂದೆ ಹಿಡಿದೆ. "ಈಗ ನನ್ನ ಕೈ ನೋಡ್ರಿ. ಬೆರಳ ಮಡಚ್ಯಾವು. ತೋಳ ಹಗ್ಗದಂಗ ಜಗ್ಗೇತಿ. ಮೈ ಹಿಂದಕ್ಕ ಬಿದ್ದೇತಿ. ತಳ್ಳಾಕಿ ಹಿಂದಕ್ಕ ಬೀಳತಾಳೇನ್ರಿ?"

ಅವನು ಫೋನು ಕಸಿದುಕೊಂಡು ಇನ್ನೂ ದೊಡ್ಡದು ಮಾಡಿದ. "ಏ, ಇದು ನಮ್ಮ ಮಗ್ಗದ ಕಿನಾರ ಅಲ್ಲೇನ? ಅಂದ್ರ ನಮ್ಮವ್ವ ನಿನ್ನ ಎಳಕೊಂಡ ಬಂದಾಳ?"

"ಹೌದ್ರಿ."

"ಇಂಥಾ ಗಟ್ಟಿಮುಟ್ಟ ಹುಡುಗೀನ್ನ?"

"ಗಟ್ಟಿ ಇರೂದು ಬಾಯಿ ಅಷ್ಟ ರೀ."

ಅವನು ನಕ್ಕ ನಗುವಿಗೆ ಗ್ಲಾಸಿನ ಚಹಾ ತುಳುಕಿತು. "ಮತ್ತ ಅವ್ವ ಯಾಕ ಹೇಳಲಿಲ್ಲ ನನಗ? ಹೋಗಲಿ ಬಿಡ, ನಾಳಿಂದ ಕಳಸ್ತೇನಿ," ಎಂದ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದಾಗಲೂ ನನಗೆ ಎದುರಾಳಿಯ ಮಾತಿನಲ್ಲಿ ನಾನು ಉತ್ತರಿಸದೆ ಉಳಿದ ಅಂಶಗಳದ್ದೇ ಚಿಂತೆ ಇರುತ್ತಿತ್ತು. ಅವತ್ತು ಯಡ್ರಾವದಿಂದ ಮರಳುವಾಗ ತಲೆಯಲ್ಲಿ ಏನೂ ಇರಲಿಲ್ಲ. ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ನಿದ್ದೆ ಮಾಡಿಬಿಟ್ಟೆ, ನನ್ನ ಸ್ಟಾಪು ದಾಟಿಹೋಯಿತು.

ಮರುದಿನ ಸಂಜೆ ಕಾಕು ಬಂದರು. ಮಗ ಬೈಕಿನಲ್ಲಿ ಬಿಟ್ಟುಹೋದ. ಅವರು ಮೆಟ್ಟಿಲ ಮೇಲೆ ಕುಳಿತು, ಏನೂ ಆಗಿಲ್ಲವೆಂಬಂತೆ ಸ್ಕೇಟಿನ ನಾಲಿಗೆ ಎಳೆದು ಕಾಲು ತೂರಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಇಷ್ಟ ದಿನ ಸುಮ್ಮನ ಮನ್ಯಾಗ ಕುಂತ್ರಿ. ಮಂದಿ ಹೋಗಲಿ, ಹೊಟ್ಟಿಲೆ ಹುಟ್ಟಿದ ಮಗಗರ 'ನಾನ ಅಕೀನ್ನ ಎಳದೇನಿ' ಅಂತ ಒಂದ ಮಾತ ಹೇಳಾಕ ಏನಾಗಿತ್ತ್ರಿ ಕಾಕು ನಿಮಗ?"

"ಊರ ಮಂದಿ ಮೊದಲನೇ ಸಲ ನಿನಗ ಶಾಬ್ಬಾಸ್ ಅನ್ನಾಕತ್ತಿದ್ರು, ಅದನ್ನ ನಾ ಯಾಕ ಕಸಗೊಳ್ಳಲಿ ಹುಚ್ಚಿ?" ಎಂದು ಕಾಕು ಪಟ್ಟಿಯ ತುದಿ ನನ್ನ ಕೈಗೆ ಕೊಟ್ಟರು.