ಚೆರ್ರಿ ಹಲಗೆಯ ಮೇಲೆ ಮಲಗಿದ್ದವರು

ಆ ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕೂದಲೆಳೆ ಮೇಸ್ತ್ರಿ ಎಂದರೆ ಸಾಕಿತ್ತು. ಮೇಜಿನ ಕಾಲು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಛಾವಣಿ ಹಾರಿಹೋಗುವಂತೆ ಕೂಗಾಡುವ ಬಡಗಿ ಅವರು. ಆ ಕೂಗಾಟವನ್ನೆಲ್ಲ ಹದಿನೈದು ವರ್ಷ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ಜೊತೆಗೆ ಕೆಲಸ ಮಾಡಿದವನು ಅವರ ಭಾವಮೈದ, ಅಂದರೆ ಹೆಂಡತಿಯ ತಮ್ಮ. ಆದರೆ ಯಾವ ಕಿವಿಗೂ ಒಂದು ಮಿತಿ ಇರುತ್ತದಲ್ಲ!

ಹಲ್ಲಿನ ಡಾಕ್ಟರಮ್ಮ ಎಂಟು ಜನ ಕೂತು ಊಟ ಮಾಡುವಂಥ ಚೆರ್ರಿ ಮರದ ಮೇಜು ಬೇಕೆಂದಿದ್ದರು. ಚೆರ್ರಿ ಮರಕ್ಕೆ ಬಿಸಿಲೆಂದರೆ ಪ್ರಾಣ. ಹೊಸದಾಗಿ ಉಜ್ಜಿದ ಹಲಗೆ ಎಳೆಮಗುವಿನ ಅಂಗೈಯಂತೆ ತೆಳುಗೆಂಪಾಗಿರುತ್ತದೆ, ಬಿಸಿಲು ಬಿದ್ದಂತೆಲ್ಲ ದಿನದಿಂದ ದಿನಕ್ಕೆ ಕೆಂಪೇರುತ್ತದೆ. ಅದರ ಮೇಲೆ ಏನಾದರೂ ಇಟ್ಟು ಮರೆತಿರೋ, ಆ ಜಾಗವಷ್ಟೇ ಬಿಳಚಿಕೊಂಡು ಇಟ್ಟವರ ಮಾನ ಹರಾಜು ಹಾಕುತ್ತದೆ. ಭಾವಮೈದ ಅಂಟಿನ ಡಬ್ಬಿಯೊಂದನ್ನು ಇಟ್ಟು ಮರೆತ. ವಾರ ಕಳೆದು ಡಾಕ್ಟರಮ್ಮ ನೋಡಲು ಬಂದ ದಿನವೇ ಅವನು ಡಬ್ಬಿ ಎತ್ತಿದ. ಕೆಳಗೆ ಹುಣ್ಣಿಮೆಯ ಚಂದ್ರನಂತೆ ದುಂಡಗಿನ ಬಿಳಿ ಗುರುತು!

"ಚೆರ್ರಿ ಮೇಲೆ ಡಬ್ಬಿ ಇಡೋನು ಬಡಗಿನೇ ಅಲ್ಲ!" ಎಂದು ಮೇಸ್ತ್ರಿ ಗಿರಾಕಿಯ ಎದುರಿಗೇ ಗುಡುಗಿದರು.  ಭಾವಮೈದ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಹೊರಟೇಹೋದ.

ಅವತ್ತಿನಿಂದ ಮನೆಯಲ್ಲಿ ಮೇಸ್ತ್ರಿಯ ಹೆಂಡತಿಗೆ ಗಂಡ ಕಣ್ಣಿಗೆ ಕಾಣುವುದು ನಿಂತುಹೋಯಿತು. "ಅನ್ನ ಆಗಿದೆ" ಎಂದು ಗೋಡೆಗೆ ಹೇಳುತ್ತಿದ್ದಳು. "ಚಪ್ಪಲಿ ಹೊರಗೆ ಬಿಡ್ಬೇಕು" ಎಂದು ಬಾಗಿಲಿಗೆ ಹೇಳುತ್ತಿದ್ದಳು. ಗೋಡೆ ಬಾಗಿಲುಗಳಿಗೆ ಸಿಗುವ ಮರ್ಯಾದೆಯೂ ತಮಗಿಲ್ಲವೆಂದು ಮೇಸ್ತ್ರಿ ಮಧ್ಯಾಹ್ನ ಮನೆಗೆ ಹೋಗುವುದನ್ನೇ ಬಿಟ್ಟರು. ಬುತ್ತಿ ತಂದು ಅಂಗಡಿಯಲ್ಲೇ ಉಣ್ಣತೊಡಗಿದರು.

ಉಂಡ ಮೇಲೆ ನಿದ್ದೆ ಬರಬೇಕಲ್ಲ? ಚಳಿಗಾಲ ಬೇರೆ. ಅಂಗಡಿಗಿರುವುದು ಒಂದೇ ಕಿಟಕಿ. ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಅದರಿಂದ ಬಿಸಿಲು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಗುರುತು ಹೋಗುವಂತೆ ಹೊಸದಾಗಿ ಉಜ್ಜಿದ ಹಲಗೆ ಮತ್ತೆ ಕೆಂಪೇರಲೆಂದು ಆ ಬಿಸಿಲಿಗೇ ಅಂಗಾತ ಮಲಗಿತ್ತು. ಮೇಸ್ತ್ರಿಯೂ ಅದರ ಮೇಲೆ ಅಂಗಾತ ಮಲಗಿದರು. ಕಷ್ಟಪಟ್ಟು ಮಾಡಿದ ಹಲಗೆಗೆ ಗೀರು ಬೀಳಬಾರದೆಂದು ಬೆಲ್ಟು ಬಿಚ್ಚಿಡುತ್ತಿದ್ದರು. ಜೇಬಿನ ಪೆನ್ಸಿಲು ತೆಗೆದಿಡುತ್ತಿದ್ದರು. ತಲೆಯ ಕೆಳಗೆ ಕೋಟು ಮಡಿಸಿಕೊಂಡು ಎರಡೂವರೆಯವರೆಗೆ ಗೊರಕೆ. ದಿನವೂ ಅದೇ ಜಾಗ, ಅದೇ ಭಂಗಿ. ಇಂಥ ವಿಷಯದಲ್ಲೂ ಕೂದಲೆಳೆ ಅತ್ತಿತ್ತ ಆಗುವ ಮನುಷ್ಯರಲ್ಲ ಅವರು.

ಭಾವಮೈದ ಹೋದ ಹದಿನೆಂಟನೆಯ ದಿನ ಶನಿವಾರ. ನಾಲ್ಕು ಗಂಟೆಗೆ ಡಾಕ್ಟರಮ್ಮ ಬರುವವರಿದ್ದರು. ತಮ್ಮ ಸೋಮವಾರದಿಂದ ಕುರ್ಚಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುತ್ತಾನೆ ಎಂಬ ಸುದ್ದಿಯನ್ನು ಹೆಂಡತಿ ಬೆಳಗ್ಗೆಯೇ ಕಿಟಕಿಗೆ ಹೇಳಿದ್ದಳು. ಮೇಸ್ತ್ರಿಯ ಎದೆ ಧಸಕ್ಕೆಂದಿತ್ತು. ಆದರೂ ಬುತ್ತಿ ಎತ್ತಿಕೊಂಡು ಅಂಗಡಿಗೆ ಬಂದಿದ್ದರು. ಮಧ್ಯಾಹ್ನ ನಿದ್ದೆಯಿಂದ ಎದ್ದವರು ಎಣ್ಣೆಯ ಶೀಶೆ ತೆಗೆಯಲು ಸ್ಟೂಲು ಹತ್ತಿ, ಕೆಳಗೆ ನೋಡಿದರು.

ಹಲಗೆಯ ಮೇಲೆ ಯಾರೋ ಮಲಗಿದ್ದರು!

ಸ್ಟೂಲಿನಿಂದ ಬೀಳುವುದೊಂದು ಬಾಕಿ. ಕಣ್ಣುಜ್ಜಿಕೊಂಡು ನೋಡಿದರು. ಸುತ್ತಲೂ ಹದವಾಗಿ ಕೆಂಪೇರಿದ ಚೆರ್ರಿ, ನಡುವೆ ಬಿಳಚಿಕೊಂಡ ಒಬ್ಬ ಮನುಷ್ಯ. ಎರಡು ಕಾಲು, ಎರಡು ಕೈ, ಕುಂಬಳಕಾಯಿಯಷ್ಟು ತಲೆ. ಹೊಟ್ಟೆಯನ್ನಂತೂ ಬಿಸಿಲು ಯಾವ ದಾಕ್ಷಿಣ್ಯವೂ ಇಲ್ಲದೆ ಇದ್ದಷ್ಟೂ ತೋರಿಸಿತ್ತು.

ಮೇಸ್ತ್ರಿ ಓಡಿಹೋಗಿ ಬಾಗಿಲ ಚಿಲಕ ಹಾಕಿದರು. ಉಜ್ಜುಗೊರಡು ಕೈಗೆತ್ತಿಕೊಂಡರು. ಒಂದು ಗಂಟೆ ಉಜ್ಜಿದರೆ ಗುರುತು ಮಾಯ, ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಮ್ಮನಿಗೆ ಇನ್ನೂ ಬಿಸಿಲು ಸಾಲದು ಎಂದರಾಯಿತು. ಗೊರಡನ್ನು ಕಾಲಿನ ಗುರುತಿನ ಮೇಲೆ ಇಟ್ಟರು. ಕೈ ಮುಂದಕ್ಕೆ ಹೋಗಲಿಲ್ಲ. ಬಡಗಿನೇ ಅಲ್ಲ ಎಂದು ತಾವೇ ಕೂಗಿದ್ದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅವರಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಗೊರಡು ಕೆಳಗಿಟ್ಟು ಸೀದಾ ಭಾವಮೈದನ ಮನೆಗೆ ನಡೆದರು.

"ನಾಲ್ಕು ಗಂಟೆಗೆ ಅಂಗಡಿಗೆ ಬಾ. ನಿಮ್ಮಕ್ಕನ್ನೂ ಕರ್ಕೊಂಡ್ ಬಾ" ಎಂದಷ್ಟೇ ಹೇಳಿ, ಅವನ ಮುಖವನ್ನೂ ನೋಡದೆ ವಾಪಸು ಬಂದರು.

ನಾಲ್ಕಕ್ಕೆ ಡಾಕ್ಟರಮ್ಮ, ಹೆಂಡತಿ, ಭಾವಮೈದ ಮೂವರೂ ಬಂದು ಹಲಗೆಯ ಸುತ್ತ ನಿಂತರು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಮೇಸ್ತ್ರಿಯ ಹೆಂಡತಿ ಗುರುತಿನ ಕಾಲಿನಿಂದ ತಲೆಯವರೆಗೆ ಒಂದು ಸುತ್ತು ಬಂದಳು. ಹದಿನೆಂಟು ದಿನಗಳ ಮೇಲೆ ಮೊದಲ ಸಲ ಗೋಡೆಯನ್ನು ಬಿಟ್ಟು ಗಂಡನನ್ನೇ ನೋಡಿದಳು.

"ರೀ, ನಿಮ್ಮ ತಲೆ ಇಷ್ಟು ದೊಡ್ಡದಾ?"

"ಅದು ಕೋಟು ಕಣೇ" ಎಂದರು ಮೇಸ್ತ್ರಿ ಸಣ್ಣ ದನಿಯಲ್ಲಿ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದರು. "ಅವತ್ತು ನಿಮ್ಮೆದುರಿಗೇ ಇವನನ್ನ ಬೈದೆ. ಅದಕ್ಕೇ ಇದನ್ನೂ ನಿಮ್ಮೆದುರಿಗೇ ಹೇಳ್ಬೇಕು. ಇವನು ಇಟ್ಟಿದ್ದು ಒಂದು ಡಬ್ಬಿ. ನಾನು ನನ್ನನ್ನೇ ಇಟ್ಟು ಮರೆತೆ. ಇವನಂಥ ಬಡಗಿ ನನಗೆ ಇನ್ನೊಬ್ಬ ಸಿಗೋದಿಲ್ಲ. ನಾನೊಬ್ಬ ಶುದ್ಧ ಮುಠ್ಠಾಳ, ಈ ವಯಸ್ಸಲ್ಲಿ ಬುದ್ಧಿ..."



ಭಾವಮೈದ ಅಷ್ಟೂ ಹೊತ್ತು ಹಲಗೆಯ ಮೇಲೆ ಅಂಗೈಯಾಡಿಸುತ್ತ, ಎಷ್ಟು ಉಜ್ಜಬೇಕೆಂದು ಅಂದಾಜು ಮಾಡುತ್ತಿದ್ದ. ತಲೆಯೆತ್ತದೆಯೇ ಗದರಿದ.

"ಭಾವ, ಸಾಕು ಮಾಡಿ. ಗಿರಾಕಿಗಳ ಎದುರಿಗೆ ಹೀಗೆಲ್ಲ ಹೇಳ್ಕೊಂಡ್ರೆ ನಮ್ಮ ಅಂಗಡಿಗೆ ನಾಳೆ ಯಾರು ಬರ್ತಾರೆ?"

"ನಮ್ಮ ಅಂಗಡಿ ಅಂದ್ಯಾ?"

"ಅಂದೆ. ಆ ಕಡೆ ಹಿಡ್ಕೊಳ್ಳಿ, ಬೆಳಕಿಗೆ ತಿರುಗಿಸೋಣ."

ಮೇಸ್ತ್ರಿ ಹಿಡಿಯಲು ಬಗ್ಗಿದರು. ಕಣ್ಣು ತುಂಬಿಕೊಂಡಿತ್ತು. ಹಲಗೆಯ ಅಂಚು ಎಲ್ಲಿದೆಯೆಂದು ಅವರಿಗೆ ಕಾಣಲಿಲ್ಲ.