ಹತ್ತಿ ಬಿಡಿಸಲು ಬಂದ ಬೀಗರು

ರಾಯಚೂರು ಕಡೆಯ ಮಲ್ಲಟದಲ್ಲಿ ನಮ್ಮ ಅತ್ತೆಯ ಹೊಲದ ಮನೆಯಲ್ಲಿ ಒಂದು ಕೋಣೆ ಪೂರ್ತಿ ಹತ್ತಿಗೇ ಮೀಸಲಾಗಿತ್ತು. ಕಳೆದ ವರ್ಷ ಅತ್ತೆ ಅದಕ್ಕೆ ಸುಣ್ಣ ಹೊಡೆಸಿ, ಎರಡು ಮಂಚ ಹಾಕಿಸಿ, ಹಳ್ಳಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇನೆಂದು ಹಟ ಹಿಡಿದಳು. ಮಾವ ಷರತ್ತು ಹಾಕಿದರು. ಮೂಗಿನಿಂದ ಬರುವ ಅವರ ದನಿಯಲ್ಲೇ ನಾನದನ್ನು ಹೇಳಿ ತೋರಿಸಬಲ್ಲೆ: "ಒಮ್ಮಿ ಬರ್ಲಿ, ನೋಡೂಣು. ಬಂದೋರು ಖುಷಿಲೆ ಹೋದ್ರ ಖೋಲಿ ನಿಂದು. ಇಲ್ಲಂದ್ರ ಮತ್ತ ಹತ್ತಿ ತುಂಬತೀನಿ."

ಫೋನಿನಲ್ಲಿ ಫೋಟೊ ಹಾಕಿ ಗಿರಾಕಿ ಹುಡುಕುವ ಕೆಲಸ ರಾಯಚೂರಿನಲ್ಲಿರುವ ನನ್ನ ಪಾಲಿಗೆ ಬಂತು. ಎಮ್ಮೆಯೂ ನಾನೂ ಇದ್ದ ಫೋಟೊದಲ್ಲಿ ಎಮ್ಮೆಯೇ ಚೆನ್ನಾಗಿ ಬಂದಿತ್ತು. ನನ್ನನ್ನು ಕತ್ತರಿಸಿ ಹಾಕಿದೆ. ಮೈಸೂರಿನ ಗಂಡ ಹೆಂಡತಿ ಎರಡು ದಿನಕ್ಕೆಂದು ಬಂದರು. ಸ್ಟೇಷನ್ನಿನಲ್ಲಿ ಅವರನ್ನು ಕಂಡದ್ದೇ ನನ್ನ ನಾಲಿಗೆ ಮೈಸೂರಿಗೆ ಹಾರಿತು: "ಬನ್ನಿ ಸಾರ್, ಪ್ರಯಾಣ ಚೆನ್ನಾಗಿತ್ತಾ?"

ಆಕೆಯ ಮುಖ ಸಣ್ಣದಾಯಿತು. "ಇಲ್ಲೂ ಹೀಗೇ ಮಾತಾಡ್ತೀರಾ?"

ಅಷ್ಟು ದೂರ ಬಂದವರಿಗೆ ಮೊದಲು ಸಿಕ್ಕಿದ್ದು ನನ್ನ ನಕಲಿ ಸರಕು.

ನನಗೂ ಅವರ ಬಗ್ಗೆ ಕುತೂಹಲವಿತ್ತು. ನಮ್ಮ ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಸೇರಿದ ಮೇಲೆ ಯಾರ ಮೈಮೇಲೆ ಅಂಗಿಯಾಗುತ್ತದೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಅಂಗಿ ತೊಟ್ಟವರೇ ಗಿಡ ಹುಡುಕಿಕೊಂಡು ಬಂದಿದ್ದರು. ಬರುವ ದಾರಿಯಲ್ಲೇ ಆಟೋದವನಿಗೆ ಬಾಡಿಗೆ ಸಿಕ್ಕಿತು, ಮನೆ ಮುಟ್ಟಿದ ಮೇಲೆ ಪಕ್ಕದ ಮನೆಯ ಮೊಸರು ಖರ್ಚಾಯಿತು, ರೊಟ್ಟಿ ಬಡಿಯಲು ಒಬ್ಬಾಕೆಗೆ ಕೆಲಸವಾಯಿತು. ಹತ್ತಿ ಊರು ಬಿಟ್ಟು ಹೋಗಿ ತರುವ ರೊಕ್ಕ ಒಂದು ಬಗೆ, ಊರಿಗೇ ನಡೆದು ಬರುವ ರೊಕ್ಕ ಇನ್ನೊಂದು ಬಗೆ. ಎರಡೂ ಒಂದೇ ಹೊಲದಿಂದ ಹುಟ್ಟುವುದು ನನಗೆ ಸೋಜಿಗವೆನಿಸಿತು.

ಅತ್ತೆ ಮಂಡಕ್ಕಿಯ ಮಂಡಾಳ ಒಗ್ಗರಣೆ ಕೊಟ್ಟಳು, ಮಿರ್ಚಿ ಕೊಟ್ಟಳು, ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ. ಅವರು ಎದ್ದರೆ ಸಾಕು, "ಕುಂದರ್ರಿ." ಹತ್ತಿ ಬಿಡಿಸಬಹುದಾ ಎಂದು ಆಕೆ ಕೇಳಿದರೆ, "ಬಿಸಿಲಾಗ ನಿಮಗ್ಯಾಕ್ರಿ ಯವ್ವಾ? ಚಾ ಮಾಡತೀನಿ, ಕುಂದರ್ರಿ."

ಸಂಜೆ ಆಕೆಯ ಗಂಡ ನನ್ನನ್ನು ಪಕ್ಕಕ್ಕೆ ಕರೆದರು. "ನಾಳೆ ಬೆಳಿಗ್ಗೇನೇ ಹೊರಡ್ತೀವಿ. ಊಟ ತುಂಬಾ ಚೆನ್ನಾಗಿದೆ. ಆದ್ರೆ ಬೆಳಗ್ಗಿಂದ ಮಂಚದ ಮೇಲೇ ಇದೀವಿ, ಮದುವೆಗೆ ಬಂದ ಬೀಗರ ಥರ."

ಇದನ್ನು ಅವರದೇ ದನಿಯಲ್ಲಿ ಅತ್ತೆಗೆ ಒಪ್ಪಿಸಿದೆ. ಅವಳು ನಗಲಿಲ್ಲ.

"ಮನಿಗೆ ಬಂದೋರ ಕೈಲಿ ಹತ್ತಿ ಬಿಡಿಸಿದ್ರ ಊರಾಗ ಏನಂತಾರಲೇ? ಕರಕೊಂಡು ಬಂದು ದುಡಿಸ್ಯಾಳ ಅಂತಾರ."

"ದುಡಿಸಲಿಲ್ಲಂದ್ರ ಹೋಗ್ತಾರ ಅತ್ತಿ. ಖೋಲಿನೂ ಹೋಗ್ತದ."

"ಬಿಡಿಸೋ ಹೆಣ್ಮಕ್ಕಳಿಗೆ ತೂಕದ ಮ್ಯಾಲ ಕೂಲಿ ಅದ. ಇವರು ಅವರ ಸಾಲಿಗೆ ಕೈ ಹಾಕಿದ್ರ ಅವರು ಸುಮ್ನಿರತಾರೇನು?"

ಬೆಳಿಗ್ಗೆ ಅತ್ತೆ ತಾನೇ ಹೊಲಕ್ಕಿಳಿದು ಬಿಡಿಸುವ ಹೆಣ್ಣುಮಕ್ಕಳನ್ನು ಕೇಳಿದಳು. ಅತಿಥಿಗಳು ಬಿಡಿಸಿದ್ದನ್ನು ಪಕ್ಕದ ಸಾಲಿನವಳ ಗಂಟಿಗೇ ಹಾಕಬೇಕು, ಅದರ ಕೂಲಿಯೂ ಅವಳಿಗೇ ಎಂದಾಯಿತು. ಬ್ಯಾಗು ಹೆಗಲಿಗೇರಿಸಿದ್ದ ಮೈಸೂರಿನವರು ಬ್ಯಾಗು ಇಳಿಸಿ ಓಡಿದರು. ಒಮ್ಮೆಲೇ ಎಲ್ಲ ಸಾಲಿನಿಂದಲೂ ಕರೆ: "ನನ್ನ ಬಾಜೂಕ ಬರ್ರಿ ಯಕ್ಕಾ!" ಆಕೆಯ ಮೊದಲ ಹಿಡಿಯಲ್ಲಿ ಹತ್ತಿಗಿಂತ ಒಣಗಿದ ಎಲೆಯೇ ಹೆಚ್ಚಿತ್ತು. ಕರೆದವಳು ಅದನ್ನು ನೋಡಿ ಆಚೆ ಸಾಲಿನವಳಿಗೆ, "ನಿನ್ನ ಬಾಜೂಕೇ ಇಟಗೋ ಬೇ" ಎಂದಳು. ಮೈಸೂರಿನಾಕೆ ಹೊಟ್ಟೆ ಹಿಡಿದು ನಕ್ಕು, ಎಲೆ ಆರಿಸಿ ಹಾಕತೊಡಗಿದರು.

ನಾನೂ ಇಳಿದೆ. ಒಣ ಕಾಯಿಯ ಚೂಪು ತಾಗಿ "ಅಯ್ಯಪ್ಪಾ" ಎಂದೆ. ಒಬ್ಬಳು ನಾನು ಸೊಂಟ ಹಿಡಿದ ಬಗೆ, ನನ್ನ ನರಳಾಟ ಎಲ್ಲವನ್ನೂ ತಪ್ಪಿಲ್ಲದೆ ಅಣಕಿಸಿ ತೋರಿಸಿದಳು. ಇಷ್ಟು ಕೆಟ್ಟದಾಗಿ ಕಾಣುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಮೈಸೂರಿನವರು ಆ ದಿನವೂ ಉಳಿದರು. ಸಂಜೆ ಬೆರಳುಗಳನ್ನು ನೀರಿನಲ್ಲಿ ಅದ್ದಿಕೊಂಡು ಆಕೆ ಮಾವನನ್ನು, "ಭತ್ತ ನಾಟಿ ಯಾವಾಗ ಮಾಡ್ತೀರಿ? ಆಗ ಬರಬಹುದಾ?" ಎಂದು ಕೇಳಿದರು.

"ಕಾಲುವಿಗೆ ನೀರು ಬಿಟ್ಟ ಮ್ಯಾಲ್ರಿ. ಬರ್ರಿ," ಎಂದ ಮಾವ, ಆ ದಿನದ ಹತ್ತಿಯ ಗಂಟು ಹೊತ್ತು ಅಭ್ಯಾಸಬಲದಿಂದ ಕೋಣೆಯ ಬಾಗಿಲಿಗೇ ಹೋದರು. ಒಳಗೆ ಹಗ್ಗದ ಮೇಲೆ ಮೈಸೂರಿನವರ ಬಟ್ಟೆಗಳು ಒಣಗುತ್ತಿದ್ದವು. ಮಾವ ಬಾಗಿಲು ಮೆಲ್ಲಗೆ ಮುಂದಕ್ಕೆಳೆದು ಅತ್ತೆಯ ಕಡೆ ತಿರುಗಿದರು.

"ಇದನ್ನ ಎಲ್ಲಿ ಇಡ್ಲಿ?"

"ನೀವು ಮಲಗೋ ಪಡಸಾಲ್ಯಾಗ."

"ನಾ ಎಲ್ಲಿ ಮಲಗಲಿ?"

"ಹತ್ತಿ ಮ್ಯಾಲ ಮಲಗ್ರಿ, ಮೆತ್ತಗಿರತದ," ಎಂದಳು ಅತ್ತೆ.